ಮುಂದಿನ ಪೀಳಿಗೆಯ ಪುಟ್ಟ ಬೋರ್ಡ್: ಸಾಂಗ್ಲಿ–ಮಿರಜದ ಕೆಲಸಗಳು ಕೇಳುವುದೇನು?

ಪ್ರೊಸೆಸರ್, ಮೆಮರಿ, ನೆಟ್‌ವರ್ಕ್, ಯುಎಸ್‌ಬಿ ಎಲ್ಲವನ್ನೂ ಅಂಗೈಯಗಲದ ಒಂದೇ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರಿಸಿದ ಪೂರ್ಣ ಕಂಪ್ಯೂಟರನ್ನು ಏಕಫಲಕ ಕಂಪ್ಯೂಟರ್ ಎನ್ನುತ್ತಾರೆ. ಬಳಸುವವರ ಬಾಯಲ್ಲಿ ಅದು ಬರೀ 'ಬೋರ್ಡ್', ಇಲ್ಲವೇ 'ಪೈ'. ಮೇಜಿನ ಕಂಪ್ಯೂಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಅಂಚಿನಲ್ಲಿ ಸಾಲಾಗಿ ನಿಂತ ಪಿನ್ನುಗಳು. ಸೆನ್ಸರ್, ರಿಲೇ, ಮೋಟಾರು, ಚಿಕ್ಕ ಪರದೆ ಯಾವುದನ್ನು ಬೇಕಾದರೂ ಅವುಗಳಿಗೆ ನೇರವಾಗಿ ಜೋಡಿಸಬಹುದು. ಹೊರಗಿನ ಲೋಕವನ್ನು ಅಳೆಯುವ, ಅದಕ್ಕೆ ಸ್ಪಂದಿಸುವ ಯಂತ್ರವನ್ನು ಮನೆಯಲ್ಲೇ ಕಟ್ಟಲು ಹವ್ಯಾಸಿಗಳಿಗೆ ದಾರಿ ತೆರೆದದ್ದು ಈ ಪಿನ್ನುಗಳೇ.

ಮುಂದಿನ ಪೀಳಿಗೆಯ ಬೋರ್ಡ್ ಹೇಗಿರಬೇಕು ಎಂಬ ಮಾತು ಬಂದಾಗ ಜಗತ್ತಿನ ಎಲ್ಲೆಡೆ ಮೊದಲು ಕೇಳಿಬರುವುದು ವೇಗ, ಮೆಮರಿ ಮತ್ತು ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆ. ಕೃಷ್ಣಾ ದಂಡೆಯ ಸಾಂಗ್ಲಿ, ಅಲ್ಲಿಂದ ಹತ್ತು ಕಿಲೋಮೀಟರ್ ಆಚೆಯ ಮಿರಜ, ಬೆಳಗಾವಿ–ವಿಜಯಪುರ ಜಿಲ್ಲೆಗಳಿಗೆ ಅಂಟಿಕೊಂಡ ಜತ್ತ ತಾಲ್ಲೂಕು, ಈ ಸೀಮೆಯ ಕೆಲಸಗಳನ್ನು ಎದುರಿಗಿಟ್ಟು ನೋಡಿದರೆ ಬೇಡಿಕೆಗಳ ಪಟ್ಟಿಯೇ ಬೇರೆಯಾಗುತ್ತದೆ. ಇಲ್ಲಿ ಹೊಳೆಯ ಮಟ್ಟ ಅಳೆಯಬೇಕು, ದ್ರಾಕ್ಷಿ ತೋಟದ ಎಲೆಯ ತೇವ ಅಳೆಯಬೇಕು, ತಂಬೂರಿಯ ನಾದ ಹಿಡಿಯಬೇಕು, ಕನ್ನಡ ಶಾಲೆಯ ಮಕ್ಕಳಿಗೆ ಅವರ ಲಿಪಿಯಲ್ಲೇ ಪರದೆ ಬೆಳಗಬೇಕು. ಇವುಗಳಲ್ಲಿ ಬಹುಪಾಲಿಗೆ ಬೇಕಾದಷ್ಟು ವೇಗ 2015ರ ಹೊತ್ತಿಗೇ ಸಿಕ್ಕಿತ್ತು. ಉಳಿದಿರುವ ಕೊರತೆಗಳು ಬೇರೆ ಕಡೆ ಇವೆ.

ಯಂತ್ರಗಳನ್ನು ಬಿಚ್ಚಿ ಕಟ್ಟುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ. ಬೆಳಗಾವಿಯಲ್ಲಿ ಕೆಲಸ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಾರ್ಖಾನೆ ಕಟ್ಟಿದ್ದು ಇದೇ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ. ಸಾಂಗ್ಲಿಯ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು 1947ರದು. ಕುಪವಾಡ ಮತ್ತು ಮಿರಜದ ಕೈಗಾರಿಕಾ ವಸಾಹತುಗಳಲ್ಲಿ ಲೇತ್, ಎರಕ, ವೈಂಡಿಂಗ್ ಬಲ್ಲ ಕೈಗಳಿಗೆ ಬರವಿಲ್ಲ. ಹವ್ಯಾಸಿಗೆ ಪೆಟ್ಟಿಗೆ, ಬ್ರ್ಯಾಕೆಟ್, ಕಂಬ ಮಾಡಿಸುವುದು ಇಲ್ಲಿ ಸುಲಭ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾತ್ರ ಪುಣೆ, ಮುಂಬಯಿ, ಬೆಂಗಳೂರಿನಿಂದ ಕೊರಿಯರಿನಲ್ಲಿ ಬರಬೇಕು.

ಈಗಿನ ಬೋರ್ಡುಗಳ ಚರಿತ್ರೆ ಉದ್ದದ್ದಲ್ಲ. 2008ರಲ್ಲಿ ಬೀಗಲ್‌ಬೋರ್ಡ್ ಬಂತು. ಆದರೆ ಹವ್ಯಾಸಿಗಳ ಲೋಕವನ್ನು ತಿರುಗಿಸಿದ್ದು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ. ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಲು ಬರುವವರ ಸಂಖ್ಯೆಯೂ ತಯಾರಿಯೂ ಕುಗ್ಗುತ್ತಿದೆ ಎಂದು ಚಿಂತಿಸಿದ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಮಾಡಿದ ಬೋರ್ಡ್ ಅದು. ಬೆಲೆ 35 ಡಾಲರ್, ಮೆಮರಿ 256 ಮೆಗಾಬೈಟ್, ವೇಗ 700 ಮೆಗಾಹರ್ಟ್ಸ್. 2015ರ ಎರಡನೆಯ ಪೀಳಿಗೆ ನಾಲ್ಕು ಕೋರ್ ಮತ್ತು ಒಂದು ಗಿಗಾಬೈಟ್ ಮೆಮರಿ ತಂದಿತು. 2016ರ ಮೂರನೆಯದು 64 ಬಿಟ್ ಪ್ರೊಸೆಸರ್, ವೈಫೈ, ಬ್ಲೂಟೂತ್ ಸೇರಿಸಿತು. 2019ರ ಜೂನ್‌ನಲ್ಲಿ ಬಂದ ನಾಲ್ಕನೆಯದರಲ್ಲಿ ಯುಎಸ್‌ಬಿ 3, ಪೂರ್ಣ ಗಿಗಾಬಿಟ್ ನೆಟ್‌ವರ್ಕ್. ಐದನೆಯದು ಪ್ರಕಟವಾದದ್ದು 2023ರ ಸೆಪ್ಟೆಂಬರ್‌ನಲ್ಲಿ, 2.4 ಗಿಗಾಹರ್ಟ್ಸ್ ವೇಗದ ಅದರ ಪ್ರೊಸೆಸರಿಗೆ ಹಿಂದಿನದರ ಎರಡು ಪಟ್ಟಿಗೂ ಮಿಕ್ಕ ಬಲವಿತ್ತು.

ಈ ಕೊನೆಯ ಜಿಗಿತದಲ್ಲಿ ದಕ್ಕಿದ್ದೂ ಇದೆ, ಕಳೆದದ್ದೂ ಇದೆ. ಪವರ್ ಬಟನ್ ಬಂತು. ಎಸ್‌ಎಸ್‌ಡಿ ಜೋಡಿಸಲು ಪಿಸಿಐಇ ಕನೆಕ್ಟರ್ ಬಂತು. ಹೊತ್ತು ನೆನಪಿಡುವ ಗಡಿಯಾರ, ಅದಕ್ಕೊಂದು ಪುಟ್ಟ ಬ್ಯಾಟರಿಯ ಜಾಗ ಬಂತು. ಹೋದದ್ದೆಂದರೆ 3.5 ಮಿಲಿಮೀಟರಿನ ಆಡಿಯೋ ಜ್ಯಾಕ್ ಮತ್ತು ಎಚ್.264 ವಿಡಿಯೋಗೆಂದೇ ಇದ್ದ ಹಾರ್ಡ್‌ವೇರ್. ವಿದ್ಯುತ್ತಿನ ಹಸಿವೂ ಹೆಚ್ಚಿತು: ಪೂರ್ಣ ಬಲಕ್ಕೆ ಐದು ವೋಲ್ಟಿನಲ್ಲಿ ಐದು ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಮನೆಯಲ್ಲಿ ಬಿದ್ದಿರುವ ಫೋನ್ ಚಾರ್ಜರುಗಳಲ್ಲಿ ಆ ಜೋಡಿ ಸಿಗುವುದು ಅಪರೂಪ. ಪಿನ್ನುಗಳನ್ನು ನಡೆಸುವ ಕೆಲಸ ಆರ್‌ಪಿ1 ಎಂಬ ಬೇರೆ ಚಿಪ್ಪಿಗೆ ಹೋದದ್ದರಿಂದ ಹಲವು ವರ್ಷ ಎಲ್ಲರೂ ನೆಚ್ಚಿದ್ದ ಆರ್‌ಪಿಐ.ಜಿಪಿಐಒ ಎಂಬ ಪೈಥಾನ್ ಲೈಬ್ರರಿ ಹೊಸ ಬೋರ್ಡಿನಲ್ಲಿ ನಡೆಯದಾಯಿತು. ಹಳೆಯ ಪ್ರಾಜೆಕ್ಟಿನ ಪ್ರೋಗ್ರಾಮನ್ನು ಐದನೆಯ ಪೈಗೆ ಹಾಕಿ, ಎಲ್ಲವೂ ಮೊದಲಿನಂತೆಯೇ ನಡೆದೀತೆಂದು ಕಾದವರಿಗೆಲ್ಲ ಇದು ಎದುರಾದ ತೊಡಕು. ಪೀಳಿಗೆ ಬದಲಾದರೂ ಹಳೆಯ ಪ್ರೋಗ್ರಾಮ್ ನಡೆಯಬೇಕು ಎಂಬುದು ಹವ್ಯಾಸಿಯ ಮೊದಲ ಬೇಡಿಕೆಗಳಲ್ಲಿ ಒಂದು, ಮತ್ತು ಅತ್ಯಂತ ನ್ಯಾಯವಾದದ್ದು.

ಇನ್ನು ಹೊಳೆಯ ಮಾತು. ಸಾಂಗ್ಲಿಯಲ್ಲಿ ಮಳೆಗಾಲದ ದಿನಗಳನ್ನು ಎಣಿಸುವುದೇ ಆಯರ್ವಿನ್ ಸೇತುವೆಯ ಬಳಿಯ ಮಟ್ಟದಿಂದ: 40 ಅಡಿ ಎಚ್ಚರಿಕೆ, 45 ಅಡಿ ಅಪಾಯ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ಮೀರಿ ಪೇಟೆಯೊಳಗೆ ನುಗ್ಗಿತು. 2021ರ ಜುಲೈಯಲ್ಲಿ ಮತ್ತೆ ಅಪಾಯದ ಮಟ್ಟ ದಾಟಿತು. ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು, ಹರಿಪುರದ ಸಂಗಮದಲ್ಲಿ ವಾರಣಾ ನದಿ ತಂದು ಸೇರಿಸುವ ನೀರು, ಕೆಳಗೆ ಆಲಮಟ್ಟಿಯ ಹಿನ್ನೀರು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬ ಎರಡು ರಾಜ್ಯಗಳ ವಾದ, ಇವುಗಳ ನಡುವೆ ದಂಡೆಯ ಮನೆಯವನಿಗೆ ಬೇಕಾದದ್ದು ಒಂದೇ ಸಂಖ್ಯೆ: ತನ್ನ ಓಣಿಯ ಕೊನೆಯಲ್ಲಿ ನೀರು ಗಂಟೆಗೆ ಎಷ್ಟು ಏರುತ್ತಿದೆ. ಸರಕಾರದ ಮಾಪನಕ್ಕೆ ಇದು ಬದಲಿಯಲ್ಲ. ಆದರೆ ಹಳ್ಳ, ನಾಲೆ, ಓಣಿಗಳಲ್ಲಿ ನಿಲ್ಲಿಸುವ ಪುಟ್ಟ ಮಾಪಕಕ್ಕೆ ನಿಜವಾದ ಉಪಯೋಗವಿದೆ, ಮತ್ತು ಹವ್ಯಾಸಿಯ ಕೈಗೆ ಎಟುಕುವ ಕೆಲಸವೂ ಹೌದು.

ಸಾಮಾನ್ಯವಾಗಿ ಇದಕ್ಕೆ ಬಳಸುವುದು ನೀರು ತಾಗದ ಅಲ್ಟ್ರಾಸಾನಿಕ್ ಸೆನ್ಸರ್. ಅದು ಮೇಲಿನಿಂದ ಶಬ್ದದ ಮಿಡಿತ ಬಿಡುತ್ತದೆ, ನೀರಿಗೆ ಬಡಿದು ಮರಳುವ ಸದ್ದಿಗೆ ಕಾಯುತ್ತದೆ. ಹೋಗಿಬರುವ ದಾರಿಯಲ್ಲಿ ಒಂದು ಸೆಂಟಿಮೀಟರ್ ದೂರಕ್ಕೆ ಸುಮಾರು 58 ಮೈಕ್ರೋಸೆಕೆಂಡ್. ತೊಡಕು ಶುರುವಾಗುವುದು ಇಲ್ಲೇ. ಪೈ ನಡೆಸುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಒಂದೇ ಹೊತ್ತಿಗೆ ನೂರು ಕೆಲಸ ಹಂಚಿಕೊಂಡಿರುತ್ತದೆ. ಮರಳಿದ ಸದ್ದನ್ನು ಗಮನಿಸುವುದು ಒಂದೇ ಒಂದು ಮಿಲಿಸೆಕೆಂಡ್ ತಡವಾದರೂ ಅಳತೆಯಲ್ಲಿ 17 ಸೆಂಟಿಮೀಟರ್ ತಪ್ಪು, ಎಂದರೆ ಅರ್ಧ ಅಡಿಗೂ ಹೆಚ್ಚು. ಇದರ ಮೇಲೆ ಗಾಳಿಯ ಉಷ್ಣತೆಯ ಪ್ರಭಾವ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಲೆಕ್ಕದಲ್ಲಿ ಇದನ್ನು ತಿದ್ದದಿದ್ದರೆ ನಾಲ್ಕು ಮೀಟರ್ ದೂರದ ಅಳತೆ 14 ಸೆಂಟಿಮೀಟರ್ ಆಚೀಚೆಯಾಗುತ್ತದೆ. ಅಗ್ಗದ ಸೆನ್ಸರುಗಳ ನಿಲುಕು ನಾಲ್ಕೂವರೆ ಮೀಟರಿನ ಆಸುಪಾಸು. ಆಯರ್ವಿನ್ ಸೇತುವೆಯ ಎಚ್ಚರಿಕೆಯ ಮಟ್ಟಕ್ಕೂ 2019ರ ಮಟ್ಟಕ್ಕೂ ನಡುವಿನ ಅಂತರವೇ ಐದು ಮೀಟರ್ ದಾಟುತ್ತದೆ. ಹಾಗಾಗಿ ದೊಡ್ಡ ಹೊಳೆಗೆ ರೇಡಾರ್ ಸೆನ್ಸರೋ, ನೀರಿನಡಿ ಇಳಿಬಿಡುವ ಒತ್ತಡದ ಸೆನ್ಸರೋ ಬೇಕು. ಅಲ್ಟ್ರಾಸಾನಿಕ್ ಓಣಿಗೆ, ಹಳ್ಳಕ್ಕೆ ಸರಿ.

ಇದರಿಂದ ಎರಡು ಸ್ಪಷ್ಟ ಬೇಡಿಕೆಗಳು ಹುಟ್ಟುತ್ತವೆ. ಮೊದಲನೆಯದು, ಲಿನಕ್ಸ್ ಪಕ್ಕದಲ್ಲೇ ಸಮಯಕ್ಕೆ ಕಟ್ಟುಬಿದ್ದು ದುಡಿಯುವ ಚಿಕ್ಕ ಪ್ರೊಸೆಸರ್. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ 2013ರಿಂದಲೇ ಇಂಥ ಎರಡು ಘಟಕಗಳಿವೆ. ಐದನೆಯ ಪೈಯ ಆರ್‌ಪಿ1 ಚಿಪ್ಪಿನೊಳಗೂ ಅಂಥ ಸಾಮರ್ಥ್ಯ ಅಡಗಿದೆ, ಆದರೆ ಬಳಕೆದಾರನಿಗೆ ಅದರ ಬಾಗಿಲು ತಡವಾಗಿ, ಅರ್ಧ ಮಾತ್ರ ತೆರೆಯಿತು. 2025ರ ಅಕ್ಟೋಬರಿನಲ್ಲಿ ಚಿಪ್ ಕಂಪನಿ ಕ್ವಾಲ್‌ಕಾಮ್ ತಾನು ಬೋರ್ಡ್ ತಯಾರಕ ಆರ್ಡುಯಿನೋವನ್ನು ಕೊಳ್ಳುತ್ತಿರುವುದಾಗಿ ಸಾರಿದಾಗಲೇ ಹೊರಬಂದ ಯುನೋ ಕ್ಯೂ ಬೋರ್ಡಿನಲ್ಲಿ ಲಿನಕ್ಸ್ ನಡೆಸುವ ಚಿಪ್ಪೂ ಮೈಕ್ರೋಕಂಟ್ರೋಲರೂ ಅಕ್ಕಪಕ್ಕ ಕೂತಿವೆ. ಮುಂದಿನ ಬೋರ್ಡುಗಳು ಹಿಡಿಯಬೇಕಾದ ದಾರಿ ಇದೇ. ಎರಡನೆಯ ಬೇಡಿಕೆ ಅನಲಾಗ್ ಇನ್‌ಪುಟ್. ಒತ್ತಡದ ಸೆನ್ಸರುಗಳಲ್ಲಿ ಹೆಚ್ಚಿನವು ಕೊಡುವುದು ಏರಿಳಿಯುವ ವೋಲ್ಟೇಜ್ ಅಥವಾ ಕರೆಂಟ್. ಐದು ಪೀಳಿಗೆ ಕಳೆದರೂ ಪೈಯ ಪಿನ್ನುಗಳಿಗೆ ಅದನ್ನು ಓದಲು ಬರುವುದಿಲ್ಲ. ಪ್ರತಿ ಸಲ ಎಂಸಿಪಿ3008ನಂಥ ಚಿಪ್ಪನ್ನು ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಬೇಕು. ಬೀಗಲ್‌ಬೋನ್‌ನಲ್ಲಿ ಏಳು ಅನಲಾಗ್ ಪಿನ್ನುಗಳಿವೆ, ನಾಲ್ಕು ಡಾಲರಿನ ಪೈ ಪಿಕೋದಲ್ಲೂ ಮೂರಿವೆ. ದೊಡ್ಡಣ್ಣನಿಗೆ ಇದು ಇನ್ನೂ ಇಲ್ಲದಿರುವುದಕ್ಕೆ ಒಪ್ಪುವಂಥ ಕಾರಣ ಕಾಣುವುದಿಲ್ಲ.

ಹೊಳೆಯ ದಂಡೆಯಲ್ಲಿ ಇನ್ನೂ ಕಠಿಣವಾದ ಪರೀಕ್ಷೆ ವಿದ್ಯುತ್ತಿನದು. ಮಹಾಪೂರ ಬಂದಾಗ ಅಪಾಯ ತಪ್ಪಿಸಲು ಮೊದಲು ಕರೆಂಟ್ ತೆಗೆಯುತ್ತಾರೆ, ಮೊಬೈಲ್ ಟವರುಗಳೂ ಒಂದೊಂದಾಗಿ ಸುಮ್ಮನಾಗುತ್ತವೆ. ಮಾಪಕಕ್ಕೆ ನಿಜವಾದ ಕೆಲಸ ಶುರುವಾಗುವುದು ಆಗಲೇ. ಐದನೆಯ ಪೈ ಏನೂ ಮಾಡದೆ ಕೂತಿದ್ದರೂ ಸುಮಾರು ಮೂರು ವ್ಯಾಟ್ ತಿನ್ನುತ್ತದೆ, ದಿನಕ್ಕೆ 72 ವ್ಯಾಟ್‌ಗಂಟೆ. ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಆಂಪಿಯರ್‌ಗಂಟೆಯ ಬ್ಯಾಟರಿಯ ಒಟ್ಟು ಶಕ್ತಿ 84 ವ್ಯಾಟ್‌ಗಂಟೆ. ಬ್ಯಾಟರಿ ಹಾಳಾಗದಂತೆ ಅದರಲ್ಲಿ ತೆಗೆಯಬಹುದಾದದ್ದು ಅರ್ಧದಷ್ಟು. ಎಂದರೆ ಒಂದು ಹಗಲು–ರಾತ್ರಿಯೂ ನಿಲ್ಲದು, ಜುಲೈಯ ಮೋಡದಲ್ಲಿ ಸೋಲಾರ್ ಫಲಕವನ್ನು ನೆಚ್ಚುವಂತೆಯೂ ಇಲ್ಲ. 2021ರಲ್ಲಿ 15 ಡಾಲರಿಗೆ ಬಂದ ಪೈ ಜೀರೋ 2 ಡಬ್ಲ್ಯು ಅದೇ ಬ್ಯಾಟರಿಯ ಮೇಲೆ ಎರಡು ದಿನಕ್ಕೂ ಹೆಚ್ಚು ಉಸಿರಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಅಳೆದು, ಮತ್ತೆ ಮಲಗುವ ಇಎಸ್‌ಪಿ32 ಅಥವಾ ಪಿಕೋದಂಥ ಮೈಕ್ರೋಕಂಟ್ರೋಲರ್ ವಾರಗಟ್ಟಲೆ ನಡೆಯುತ್ತದೆ. ಲ್ಯಾಪ್‌ಟಾಪಿನಂತೆ, ಫೋನಿನಂತೆ ಮಲಗಿ ಏಳುವ ಶಕ್ತಿ ಪೈಗೆ ಇನ್ನೂ ಬಂದಿಲ್ಲ. ಐದನೆಯದರ ಗಡಿಯಾರಕ್ಕೆ ಅಲಾರಂ ಇಟ್ಟು, ಪೂರ್ತಿ ಆರಿಸಿ, ಮತ್ತೆ ಮೊದಲಿನಿಂದ ಬೂಟ್ ಮಾಡಿಸಬಹುದು, ಅಷ್ಟೇ. ಹೊಲದಲ್ಲಿ, ಹೊಳೆಯಲ್ಲಿ ದುಡಿಯಬೇಕಾದ ಬೋರ್ಡಿಗೆ ನಿದ್ದೆ ಬರುವುದು ಇನ್ನೊಂದು ಗಿಗಾಹರ್ಟ್ಸ್ ಸಿಗುವುದಕ್ಕಿಂತ ಹೆಚ್ಚಿನ ಪ್ರಗತಿ.

ಗಡಿಯಾರದ ವಿಷಯವೂ ಸಣ್ಣದಲ್ಲ. ನಾಲ್ಕನೆಯ ಪೀಳಿಗೆಯವರೆಗಿನ ಪೈಗಳು ಹೊತ್ತನ್ನು ಇಂಟರ್‌ನೆಟ್ಟಿನಿಂದ ಕೇಳಿ ತಿಳಿಯುತ್ತಿದ್ದವು. ಕರೆಂಟ್ ಹೋಗಿ ಬಂದು, ನೆಟ್‌ವರ್ಕ್ ಇಲ್ಲದೆ ಎದ್ದ ಬೋರ್ಡ್ ತಾನು ಆರಿದ ಗಳಿಗೆಯಿಂದಲೇ ಎಣಿಕೆ ಮುಂದುವರಿಸುತ್ತದೆ. ರಾತ್ರಿ ಎರಡಕ್ಕೆ ಏರಿದ ನೀರು ದಾಖಲೆಯಲ್ಲಿ ಸಂಜೆ ಆರರ ಲೆಕ್ಕಕ್ಕೆ ಬೀಳುತ್ತದೆ, ಮತ್ತು ಅಂಥ ದಾಖಲೆಯಿಂದ ಏರಿಕೆಯ ದರ ತೆಗೆದರೆ ಅದು ಯಾವುದಕ್ಕೂ ಬಾರದು. ಐದನೆಯದರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿಯನ್ನು ಬೇರೆ ಕೊಳ್ಳಬೇಕು.

ಹವ್ಯಾಸಿಗಳು ಅತಿ ಹೆಚ್ಚು ಗೊಣಗುವ ಭಾಗ ಎಸ್‌ಡಿ ಕಾರ್ಡ್. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಕಡತಗಳು ಕೆಡುತ್ತವೆ, ಕೆಲವೊಮ್ಮೆ ಬೋರ್ಡ್ ಮುಂದೆ ಏಳುವುದೇ ಇಲ್ಲ. ಇಡೀ ವ್ಯವಸ್ಥೆಯನ್ನು ಓದಲು ಮಾತ್ರ ಬಿಟ್ಟು, ಬದಲಾವಣೆಗಳನ್ನು ಮೆಮರಿಯಲ್ಲಿ ಇಟ್ಟುಕೊಳ್ಳುವ ಓವರ್‌ಲೇ ವಿಧಾನ ರಾಸ್ಪ್‌ಬೆರಿ ಪೈ ಓಎಸ್‌ನಲ್ಲೇ ಇದೆ, ಬಳಸುವವರು ಕಡಿಮೆ. ಆದರೆ ಮಾಪಕದ ಕೆಲಸವೇ ಬರೆದಿಡುವುದು, ಆದ್ದರಿಂದ ಅದು ಅರ್ಧ ಪರಿಹಾರ. ಬೋರ್ಡಿಗೇ ಬೆಸೆದ ಇಎಂಎಂಸಿ ಸ್ಮರಣೆ ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಹತ್ತು ವರ್ಷಕ್ಕೂ ಹಿಂದೆಯೇ ಇತ್ತು. ಪೈಯ ಸಾಮಾನ್ಯ ಬೋರ್ಡಿನಲ್ಲಿ ಅದು ಈವರೆಗೂ ಇಲ್ಲ. ಕಾರ್ಖಾನೆಗಳಿಗೆಂದು ಮಾಡುವ ಕಂಪ್ಯೂಟ್ ಮಾಡ್ಯೂಲಿನಲ್ಲಿ ಮಾತ್ರ ಇದೆ. ಐದನೆಯದಕ್ಕೆ ಎಸ್‌ಎಸ್‌ಡಿ ಹಾಕಬಹುದು, ಆದರೆ ಬೆಲೆಯೂ ವಿದ್ಯುತ್ತೂ ಏರುತ್ತವೆ. ಕರೆಂಟ್ ಯಾವ ಗಳಿಗೆಯಲ್ಲಾದರೂ ಹೋಗಬಹುದಾದ ಊರುಗಳಲ್ಲಿ ಎಂಟು ಗಿಗಾಬೈಟಿನ ಇಎಂಎಂಸಿ ಒಂದು ಅಗತ್ಯ.

ತಾಸಗಾಂವ, ಪಲೂಸ, ಮಿರಜ, ಜತ್ತದ ದ್ರಾಕ್ಷಿ ತೋಟಗಳ ಬೇಡಿಕೆ ಹೊಳೆಯದಕ್ಕೆ ಹತ್ತಿರದ್ದೇ. ಅಕ್ಟೋಬರ್ ಚಾಟ್ನಿಯ, ಎಂದರೆ ಬಳ್ಳಿ ಸವರಿದ ನಂತರ, ಮಳೆಯೋ ಇಬ್ಬನಿಯೋ ಬಿದ್ದರೆ ರೈತರು ದಾವಣಿ ಎನ್ನುವ ಡೌನಿ ಮಿಲ್ಡ್ಯೂ ರೋಗ ತಗಲುತ್ತದೆ. ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು, ಆಗ ಉಷ್ಣತೆ ಎಷ್ಟಿತ್ತು ಎಂಬುದು ತಿಳಿದರೆ ಔಷಧಿ ಯಾವಾಗ ಹೊಡೆಯಬೇಕು, ಯಾವಾಗ ಬೇಡ ಎಂದು ನಿರ್ಧರಿಸಬಹುದು. ಎಲೆಯ ತೇವ ಹಿಡಿಯುವ ಸೆನ್ಸರ್ ಕೊಡುವುದೂ ಅನಲಾಗ್ ಸಂಕೇತವನ್ನೇ. ಇಲ್ಲಿ ಹವ್ಯಾಸಿಗಳು ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ತೋಟದ ಪ್ರತಿ ತುಂಡಿಗೂ ಪೈ ಬೇಡ. ಕೆಲವು ನೂರು ರೂಪಾಯಿಯ ಇಎಸ್‌ಪಿ32ಗಳನ್ನು ಬಳ್ಳಿಯ ನಡುವೆ ಬಿಟ್ಟು, ನಮ್ಮ ದೇಶದಲ್ಲಿ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೋರಾ ರೇಡಿಯೋ ಮೂಲಕ ಮಾಹಿತಿ ಕಳಿಸಿ, ಮನೆಯಲ್ಲಿ ಒಂದೇ ಲಿನಕ್ಸ್ ಬೋರ್ಡ್ ಇಟ್ಟು ಎಲ್ಲವನ್ನೂ ಕೂಡಿಸುವುದು ಸರಿಯಾದ ರಚನೆ. ಬಯಲಿನಲ್ಲಿ ಲೋರಾ ಕೆಲವು ಕಿಲೋಮೀಟರ್ ಸುಲಭವಾಗಿ ಮುಟ್ಟುತ್ತದೆ. ಮುಂದಿನ ಬೋರ್ಡಿನಲ್ಲಿ ವೈಫೈ ಪಕ್ಕದಲ್ಲಿ ಇಂಥ ರೇಡಿಯೋಗೂ ಜಾಗವಿದ್ದರೆ ಹೊಲದ ಕೆಲಸಕ್ಕೆ ಅನುಕೂಲ. ಒಣದ್ರಾಕ್ಷಿಯ ಶೆಡ್ಡು, ಅರಿಶಿನದ ಗೋದಾಮುಗಳಲ್ಲೂ ಉಷ್ಣತೆ, ತೇವಾಂಶ ಬರೆದಿಡುವ ಕೆಲಸಕ್ಕೆ ಇದೇ ವ್ಯವಸ್ಥೆ ಸಾಕು.

ಮಿರಜಕ್ಕೆ ಬಂದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಶಿಕಲಗಾರ ಮನೆತನದ ಫರೀದಸಾಹೇಬರಿಂದ ಶುರುವಾಯಿತೆನ್ನುವ ತಂತಿವಾದ್ಯಗಳ ಕಸಬು ಸಿತಾರ್‌ಮೇಕರ್ ಗಲ್ಲಿಯಲ್ಲಿ ಇಂದಿಗೂ ನಡೆದಿದೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ದೊರೆಯಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರಿದು. ಅವರ ಶಿಷ್ಯ ಸವಾಯಿ ಗಂಧರ್ವರು, ಅವರಿಂದ ಕಲಿತ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಎಂದು ಧಾರವಾಡ ಸೀಮೆಯ ಗಾಯನ ಮಿರಜದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿದೆ. ತಂಬೂರಿಗೆ ಎಲೆಕ್ಟ್ರಾನಿಕ್ಸ್ ಹೊಸದೂ ಅಲ್ಲ: ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದರು.

ಬೋರ್ಡಿನಿಂದ ಇಲ್ಲಿ ಆಗಬಹುದಾದ ಕೆಲಸ ಅನುಕರಣೆಯದಲ್ಲ, ಆಲಿಸುವುದು. ತಂಬೂರಿಯ ಕುದುರೆಯನ್ನು ಅತಿ ಸೂಕ್ಷ್ಮವಾಗಿ ಉಜ್ಜಿ, ತಂತಿಯಡಿ ಹತ್ತಿಯ ಎಳೆಯಿಟ್ಟು ಸರಿಸುತ್ತ ಜವಾರಿ, ಎಂದರೆ ನಾದದ ಝೇಂಕಾರ, ತೆರೆಯುವುದು ಕಿವಿಯಿಂದಲೇ ನಡೆಯುವ ವಿದ್ಯೆ. ಉಜ್ಜುವ ಮುಂಚೆ ಮತ್ತು ಉಜ್ಜಿದ ಮೇಲೆ ನಾದದ ಉಪಸ್ವರಗಳು ಹೇಗೆ ಬದಲಾದವು ಎಂದು ದಾಖಲಿಸಿಟ್ಟರೆ ಕಲಿಯುವವರಿಗೆ ದೊಡ್ಡ ನೆರವು. ಲೆಕ್ಕ ಹೀಗೆ: ಸೆಕೆಂಡಿಗೆ 44,100 ಮಾದರಿಗಳಂತೆ ಒಂದು ಸೆಕೆಂಡಿನ ನಾದ ಹಿಡಿದು ವಿಶ್ಲೇಷಿಸಿದರೆ ಸಿಗುವ ಸೂಕ್ಷ್ಮತೆ ಒಂದು ಹರ್ಟ್ಸ್. ಗಂಡುದನಿಯ ತಂಬೂರಿಯ ಖರಜ ತಂತಿ 69 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಅಲ್ಲಿ ಒಂದು ಹರ್ಟ್ಸ್ ಎಂದರೆ ಅರ್ಧಸ್ವರದ ಕಾಲು ಭಾಗ. ಯಾವ ಗಾಯಕನೂ ಸಹಿಸದಷ್ಟು ಒರಟು ಅಳತೆ. ಆದರೆ ತಂಬೂರಿ ಉಪಸ್ವರಗಳಿಂದ ತುಂಬಿ ತುಳುಕುವ ವಾದ್ಯ. ಹತ್ತನೆಯ ಉಪಸ್ವರವಾದ 690 ಹರ್ಟ್ಸ್ ಬಳಿ ಅಳೆದರೆ ಅದೇ ಒಂದು ಹರ್ಟ್ಸ್ ಅರ್ಧಸ್ವರದ ನಲವತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜವಾರಿ ಚೆನ್ನಾಗಿ ತೆರೆದಷ್ಟೂ ಯಂತ್ರದ ಅಳತೆಯೂ ನಿಖರವಾಗುತ್ತದೆ.

ಈ ಗಣಿತಕ್ಕೆ 2015ರ ಪೈ ಕೂಡ ಧಾರಾಳ. ಕೊರತೆಯಿರುವುದು ಕಿವಿಯಲ್ಲಿ. ಪೈಯಲ್ಲಿ ಮೈಕ್ ಇನ್‌ಪುಟ್ ಎಂದೂ ಇರಲಿಲ್ಲ, ಐದನೆಯದರಲ್ಲಿ ಹಾಡು ಕೇಳಿಸುವ ಜ್ಯಾಕ್ ಕೂಡ ಹೋಯಿತು. ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಬಹುದು, ಅಗ್ಗದವುಗಳ ಗುಜುಗುಜು ಸದ್ದಿನಲ್ಲಿ ಮೇಲಿನ ಉಪಸ್ವರಗಳು ಮುಳುಗುತ್ತವೆ. ನಿಶ್ಶಬ್ದವಾದ, 24 ಬಿಟ್ ಗುಣಮಟ್ಟದ ಒಂದು ಆಡಿಯೋ ಇನ್‌ಪುಟ್ ಬೋರ್ಡಿನಲ್ಲೇ ಇದ್ದರೆ ಮಿರಜದಂಥ ಊರಿಗೆ ಅದು ಎಂಟು ಕೋರಿಗಿಂತ ದೊಡ್ಡ ಕೊಡುಗೆ. ಪ್ರಪಂಚದಾದ್ಯಂತ ಸಂಗೀತ, ಹಕ್ಕಿದನಿ, ಯಂತ್ರಗಳ ಕಂಪನದ ಮೇಲೆ ಕೆಲಸ ಮಾಡುವ ಹವ್ಯಾಸಿಗಳಿಗೂ ಇದೇ ಬೇಕು.

ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿನ ಮಕ್ಕಳು ಓದುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕಿಸುವ ಪುಸ್ತಕಗಳನ್ನು. ಮನೆಮಾತು ಕನ್ನಡ, ಕಚೇರಿಯ ಭಾಷೆ ಮರಾಠಿ, ಕಂಪ್ಯೂಟರಿನದು ಇಂಗ್ಲಿಷ್. ಮಕ್ಕಳಿಗೆಂದೇ ಹುಟ್ಟಿದ ಬೋರ್ಡಿನಲ್ಲಿ ಇವರಿಗೆ ಮೊದಲ ದಿನ ಕಾಣುವುದು ಹೆಚ್ಚಾಗಿ ಖಾಲಿ ಚೌಕಗಳ ಸಾಲು. ಕನ್ನಡ ಫಾಂಟಿನ ಪ್ಯಾಕೇಜನ್ನು ಯಾರಾದರೂ ಇಂಟರ್‌ನೆಟ್ಟಿನಿಂದ ಇಳಿಸಿ ಹಾಕಿದ ಮೇಲಷ್ಟೇ ಅಕ್ಷರ. ಫಾಂಟ್ ಬಂದರೂ ಕೆಲಸ ಮುಗಿಯದು. ಪೈಥಾನ್‌ನ ಪಿಲ್ಲೋ ಲೈಬ್ರರಿಯಿಂದ ಪುಟ್ಟ ಓಎಲ್‌ಇಡಿ ಪರದೆಯ ಮೇಲೆ 'ಎಚ್ಚರಿಕೆ' ಎಂದು ಬರೆಸಿದರೆ, ಅಕ್ಷರಗಳನ್ನು ಕೂಡಿಸುವ ರ್‍ಯಾಕ್ಮ್ ಎಂಬ ಭಾಗ ಜೊತೆಗಿಲ್ಲದಿದ್ದಾಗ ಒತ್ತಕ್ಷರ ಒಡೆದು 'ಎಚ್‌ಚರಿಕೆ' ಎಂದು ಮೂಡುತ್ತದೆ. ಮೈಕ್ರೋಕಂಟ್ರೋಲರುಗಳ ಸರಳ ಲೈಬ್ರರಿಗಳಿಗಂತೂ ಒತ್ತು, ಗುಣಿತ ಕೂಡಿಸುವ ತಿಳಿವಳಿಕೆಯೇ ಇಲ್ಲ. ಪದವನ್ನೇ ಚಿತ್ರವಾಗಿಸಿ ಕಳಿಸಬೇಕು. 64 ಚುಕ್ಕೆ ಎತ್ತರದ ಅಂಥ ಪರದೆಯಲ್ಲಿ ಇಂಗ್ಲಿಷಿನ ನಾಲ್ಕು ಸಾಲು ನೆಮ್ಮದಿಯಾಗಿ ಕೂರುವಲ್ಲಿ, ಒತ್ತು ಕೆಳಗಿಳಿಯುವ ಕನ್ನಡಕ್ಕೆ ಎರಡೇ ಸಾಲು. ಪ್ರವಾಹದ ಎಚ್ಚರಿಕೆ ಹಳ್ಳಿಯ ಅಜ್ಜಿಗೂ ಓದಲು ಬರಬೇಕಾದರೆ ಇವೆಲ್ಲ ಮುಖ್ಯ.

ಟೈಪಿಂಗಿನಲ್ಲಿ ಒಂದು ಅನುಕೂಲ ಈಗಾಗಲೇ ಕೈಯಲ್ಲಿದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಭಾರತೀಯ ಲಿಪಿಗಳ ಸಮಾನ ಅಕ್ಷರಗಳಿಗೆ ಒಂದೇ ಜಾಗ. ಕನ್ನಡದ 'ಕ' ಕಲಿತ ಬೆರಳಿಗೆ ಮರಾಠಿಯ 'ಕ' ಮತ್ತೆ ಕಲಿಯಬೇಕಿಲ್ಲ. ಗಡಿಯ ಮಕ್ಕಳಿಗೆ ಹೇಳಿ ಮಾಡಿಸಿದಂಥ ವ್ಯವಸ್ಥೆ. ಕೀಲಿಮಣೆಯೊಳಗೇ ಕಂಪ್ಯೂಟರ್ ಇರುವ ಪೈ 400 (2020) ಮತ್ತು 500 (2024) ಶಾಲೆಗೆ ಒಪ್ಪುವ ರೂಪ, ಆದರೆ ಅವುಗಳ ಕೀಲಿಗಳ ಮೇಲೆ ಭಾರತೀಯ ಲಿಪಿ ಅಚ್ಚಾಗಿಲ್ಲ. ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿದ ಒಂದು ಬೋರ್ಡ್ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ತರಗತಿಗೆಲ್ಲ ವೈಫೈ ಮೂಲಕ ಉಣಿಸಬಲ್ಲದು. ಇದಕ್ಕೂ ಹೊಸ ಬೋರ್ಡ್ ಬೇಡ, ಹಳೆಯದು ಸಾಕು. ಧ್ವನಿಯಿಂದ ಬರಹ ಮಾಡುವ ವಿಸ್ಪರ್‌ನಂಥ ಮಾದರಿಗಳಲ್ಲಿ ಕನ್ನಡ, ಮರಾಠಿ ಎರಡೂ ಇವೆ. ಆದರೆ ಪೈ ಮೇಲೆ ನಡೆಯುವಷ್ಟು ಚಿಕ್ಕ ಮಾದರಿಗಳ ಕನ್ನಡ ಇಂಗ್ಲಿಷಿಗಿಂತ ಬಹಳ ಹಿಂದಿದೆ. ದೊಡ್ಡ ಮಾದರಿಗೆ ಹೆಚ್ಚು ಮೆಮರಿ, ಹೆಚ್ಚು ಬಲ ಬೇಕು. ಈ ಸೀಮೆಯ ಕೆಲಸಗಳಲ್ಲಿ ವೇಗದ ಬೇಡಿಕೆ ನಿಜಕ್ಕೂ ನ್ಯಾಯವಾಗಿರುವುದು ಇಲ್ಲಿ.

ಕೃತಕ ಬುದ್ಧಿಮತ್ತೆಗೆಂದು 2024ರಲ್ಲಿ ಐದನೆಯ ಪೈ ಮೇಲೆ ಕೂರಿಸುವ ಹೈಲೋ ಚಿಪ್ಪಿನ ಕಿಟ್ 70 ಡಾಲರಿಗೆ ಬಂತು. ಸೆಕೆಂಡಿಗೆ 13 ಲಕ್ಷ ಕೋಟಿ ಲೆಕ್ಕದ ಬಲ. ಕ್ಯಾಮೆರಾ ಚಿತ್ರದಲ್ಲಿ ವಸ್ತು ಗುರುತಿಸಲು ಅದು ಚೆನ್ನ, ಭಾಷೆಯ ಮಾದರಿಗಳಿಗೆ ಅಲ್ಲ. ರಾಕ್‌ಚಿಪ್‌ನ ಆರ್‌ಕೆ3588 ಚಿಪ್ಪಿನ ಆರೆಂಜ್ ಪೈ 5, ರಾಡಕ್ಸಾ ರಾಕ್ 5 ಬೋರ್ಡುಗಳಲ್ಲಿ ಇಂಥ ಘಟಕ ಒಳಗೇ ಇದೆ, ಕೋರ್‌ಗಳು ಎಂಟು. ಕಾಗದದ ಮೇಲೆ ಪೈಯನ್ನು ಮೀರಿಸುತ್ತವೆ. ಆದರೆ ಅವು ಮಾರುಕಟ್ಟೆಗೆ ಬಂದದ್ದು ತಯಾರಕರೇ ತಿದ್ದಿದ ಹಳೆಯ 5.10 ಲಿನಕ್ಸ್ ಕರ್ನಲ್ ಹೊತ್ತು. ಮುಖ್ಯ ಲಿನಕ್ಸಿನಲ್ಲಿ ಬೆಂಬಲ ಕೂಡಿಬರಲು ವರ್ಷಗಳೇ ಹಿಡಿದವು. 2012ರ ಮೊದಲ ಪೈಗೆ ಇಂದಿಗೂ ಹೊಸ ಓಎಸ್ ಸಿಗುತ್ತದೆ. ಹವ್ಯಾಸಿಗಳು ಹೆಚ್ಚು ಹಣ ಕೊಟ್ಟಾದರೂ ಪೈಯನ್ನೇ ಹಿಡಿಯುವುದಕ್ಕೆ ಇದೇ ದೊಡ್ಡ ಕಾರಣ, ಮತ್ತು ಅವರ ನಿರ್ಧಾರ ಸರಿಯಾದದ್ದು.

ಹಣದ ಮಾತು ಸಣ್ಣದಲ್ಲ. 2012ರಲ್ಲಿ 35 ಡಾಲರ್ ಎಂದರೆ ಸುಮಾರು 1,750 ರೂಪಾಯಿ. 2023ರಲ್ಲಿ ನಾಲ್ಕು ಗಿಗಾಬೈಟಿನ ಐದನೆಯ ಪೈಗೆ 60 ಡಾಲರ್, ಎಂದರೆ 5,000 ರೂಪಾಯಿ; ಮೇಲೆ ತೆರಿಗೆ, ಸಾಗಣೆ, ಅಡಾಪ್ಟರ್, ಫ್ಯಾನ್. ಸಾಂಗ್ಲಿಯ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಬೇಡವೆನ್ನುವಂತಿಲ್ಲ, ಚಿಪ್ 80 ಡಿಗ್ರಿ ಮುಟ್ಟಿದೊಡನೆ ತಾನೇ ನಿಧಾನವಾಗುತ್ತದೆ. 2021ರಿಂದ 2023ರವರೆಗೆ ಚಿಪ್ ಬರದಲ್ಲಿ ಬೋರ್ಡ್ ಸಿಗುವುದೇ ಕಷ್ಟವಾಗಿತ್ತು. ದತ್ತಾಂಶ ಕೇಂದ್ರಗಳು ಮೆಮರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ, 2025ರ ಡಿಸೆಂಬರಿನಲ್ಲಿ ಅದೇ ನಾಲ್ಕು ಗಿಗಾಬೈಟ್ ಬೋರ್ಡ್ 70 ಡಾಲರಿಗೆ ಏರಿತು. ಕೈಗೆಟುಕಲೆಂದು ಒಂದು ಗಿಗಾಬೈಟಿನದನ್ನು 45 ಡಾಲರಿಗೆ ತಂದರು. ಹೊಳೆ, ತೋಟ, ತಂಬೂರಿಯ ಕೆಲಸಗಳಿಗೆ ಆ ಒಂದು ಗಿಗಾಬೈಟೇ ಸಾಕು. ಪೀಳಿಗೆಗಳ ನಡುವಿನ ಅಂತರವೂ ಹಿಗ್ಗುತ್ತಿದೆ: ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ನಾಲ್ಕು ವರ್ಷ ಕಳೆದವು. ಮೆಮರಿಯ ಬೆಲೆ ಇಳಿಯುವ ತನಕ ಹೊಸ ಪೀಳಿಗೆಗೆ ಆತುರಪಡುವುದರಲ್ಲಿ ಹವ್ಯಾಸಿಗೆ ಲಾಭವಿಲ್ಲ.

ನಮ್ಮದೇ ಬೋರ್ಡ್ ಎಂಬ ಆಸೆಗೂ ಇತಿಹಾಸವಿದೆ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆ ಸೇರಿ ಸಿಂಪ್ಯೂಟರ್ ತೋರಿಸಿದರು: ಲಿನಕ್ಸ್ ಮೇಲೆ ನಡೆಯುವ, ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್. ಅದಕ್ಕೆಂದು ರಮೇಶ್ ಹರಿಹರನ್ ಬರೆದ 'ಧ್ವನಿ' ತಂತ್ರಾಂಶ ಕನ್ನಡವನ್ನು ಓದಿ ಹೇಳುತ್ತಿತ್ತು. ಕರ್ನಾಟಕದ ಭೂದಾಖಲೆಯ ಕೆಲಸದಲ್ಲೂ ಅದನ್ನು ಬಳಸಿದರು. ಲಕ್ಷಗಟ್ಟಲೆ ಮಾರಾಟವಾಗದೆ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದೆ ಲಕ್ಷಗಟ್ಟಲೆ ಮಾರಾಟವಾಗಲಿಲ್ಲ. ಮಾತೃಭಾಷೆಯನ್ನು ಮೊದಲಿಗಿಟ್ಟು ಯೋಚಿಸಿದ ಆ ಯಂತ್ರದ ದೃಷ್ಟಿ ಇಂದಿನ ಯಾವ ಬೋರ್ಡಿಗೂ ಬಂದಿಲ್ಲ.

ಈಗ ರಿಸ್ಕ್–ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸದ ಮೇಲೆ ಮತ್ತೆ ಕೆಲಸ ನಡೆದಿದೆ. ಐಐಟಿ ಮದ್ರಾಸಿನ 'ಶಕ್ತಿ', ಸರಕಾರಿ ಸಂಶೋಧನಾ ಸಂಸ್ಥೆ ಸಿ–ಡ್ಯಾಕ್‌ನ 'ವೇಗ' ಪ್ರೊಸೆಸರುಗಳು ಅದರ ಫಲ. ಸಿ–ಡ್ಯಾಕ್‌ನ ಏರೀಸ್ ಬೋರ್ಡುಗಳಲ್ಲಿ 100 ಮೆಗಾಹರ್ಟ್ಸ್‌ನ ತೇಜಸ್32 ಚಿಪ್ ಇದೆ, ಆರ್ಡುಯಿನೋ ಬಲ್ಲವರು ಅದನ್ನು ಸಲೀಸಾಗಿ ನಡೆಸಬಹುದು. ಎಲೆಯ ತೇವ ಅಳೆಯುವ ಕೆಲಸಕ್ಕೆ ಅಷ್ಟು ಸಾಕು. ಲಿನಕ್ಸ್ ಅದರ ಮೇಲೆ ಕೂರದು. 2025ರ ಡಿಸೆಂಬರಿನಲ್ಲಿ ಪ್ರಕಟವಾದ 64 ಬಿಟ್, ಎರಡು ಕೋರ್, ಒಂದು ಗಿಗಾಹರ್ಟ್ಸ್‌ನ ಧ್ರುವ್64 ಪ್ರೊಸೆಸರ್ ಆ ಅಂತರವನ್ನು ದಾಟುವ ಹೆಜ್ಜೆ. ಹವ್ಯಾಸಿಯ ಮೇಜಿಗೆ ಅದು ಬರಬೇಕಾದರೆ ಚಿಲ್ಲರೆಯಾಗಿ ಒಂದೊಂದೇ ಬೋರ್ಡ್ ಕೊರಿಯರಿನಲ್ಲಿ ಸಿಗಬೇಕು, ಮುಖ್ಯ ಲಿನಕ್ಸಿನಲ್ಲಿ ಅದರ ಬೆಂಬಲ ಸೇರಬೇಕು, ಪಿನ್ನುಗಳ ವಿವರ ಮುಕ್ತವಾಗಿ ಅಚ್ಚಾಗಬೇಕು, ಐದಾರು ವರ್ಷ ಅದೇ ಬೋರ್ಡ್ ತಯಾರಾಗುತ್ತಿರಬೇಕು. ಜೊತೆಗೆ ಇಎಂಎಂಸಿ, ಅನಲಾಗ್ ಪಿನ್ನು, ಗಡಿಯಾರ, ಮೈಕ್ ಇನ್‌ಪುಟ್, ಮೊದಲ ಬೂಟಿನಲ್ಲೇ ಕನ್ನಡ–ಮರಾಠಿ ಅಕ್ಷರ ಇದ್ದರೆ ಒಂದು ಗಿಗಾಹರ್ಟ್ಸ್ ವೇಗ ಸಾಂಗ್ಲಿ, ಮಿರಜ, ಜತ್ತದ ಈ ಕೆಲಸಗಳಲ್ಲಿ ಧ್ವನಿಯಿಂದ ಬರಹವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಸಾಕಾಗುತ್ತದೆ.